ಪೋಷಕರ ಅಭಿಪ್ರಾಯ

ನಾನು ಹುಟ್ಟಿನಿಂದಲೇ ಅನುಮಾನದ ಪ್ರಾಣಿ. ತರಕಾರಿಯವನು ಒಂದು ನಿಂಬೆಹಣ್ಣು ಹೆಚ್ಚಿಗೆ ಹಾಕಿದರೆ ಯಾವುದು ಕೊಳೆತಿದೆ ಎಂದು ಅಲ್ಲೇ ನಿಂತು ಹುಡುಕುವವಳು. ಜಪಾನಿಗೆ ಬಂದು ಹದಿನೆಂಟು ವರ್ಷವಾದರೂ ಆ ಗುಣ ಹೋಗಲಿಲ್ಲ. ಇಲ್ಲಿ ಎಲ್ಲರೂ ನಗುನಗುತ್ತಾ ತಲೆಬಾಗುವುದರಿಂದ ಇನ್ನಷ್ಟು ಬಲಿಯಿತು ಎನ್ನಬೇಕು. ನಾವಿರುವ ಟೋಕಿಯೋ ಪಕ್ಕದ ಊರು ಕಾಶಿವಾದಲ್ಲಿ ನಮ್ಮ ಕೆಳಗಿನ ಮನೆಯ ಅಜ್ಜಿ ಒಮ್ಮೆ, ನಿಮ್ಮ ಮನೆಯಿಂದ ಒಳ್ಳೇ ವಾಸನೆ ಬರುತ್ತದೆ ಎಂದರು. ಅದು ಹೊಗಳಿಕೆಯೋ ದೂರೋ ಎಂದು ಎರಡು ದಿನ ತಲೆ ಕೆಡಿಸಿಕೊಂಡು, ಆಮೇಲೆ ಒಗ್ಗರಣೆ ಹಾಕುವಾಗಲೆಲ್ಲ ಕಿಟಕಿ ಮುಚ್ಚತೊಡಗಿದೆ.

ಇಂಥವಳಿಗೆ ಹದಿನಾರು ವರ್ಷದ ಒಬ್ಬಳೇ ಮಗಳು. ಇಲ್ಲೇ ಹುಟ್ಟಿದವಳು. ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಅವಳು ಇಂಗ್ಲಿಷಿನಲ್ಲೋ ಜಪಾನಿಯಲ್ಲೋ ಉತ್ತರ ಕೊಡುತ್ತಾಳೆ. ತೀರಾ ಸಿಟ್ಟು ಬಂದಾಗ ಮಾತ್ರ ಕನ್ನಡ. ಚಿಕ್ಕವಳಿದ್ದಾಗ ಹಿಡಿದು ಕೂರಿಸಿ ಅಕ್ಷರ ಕಲಿಸಿದ್ದೆ. ಒತ್ತಕ್ಷರದ ಹತ್ತಿರ ಬಂದಾಗ ಅವಳು ಪೆನ್ಸಿಲ್ ಎಸೆದು ಓಡಿಹೋದಳು, ನಾನೂ ಕೈಬಿಟ್ಟೆ.

ಆ ವರ್ಷ ಸಂಸತ್ತಿನ ಚುನಾವಣೆ ಬಂತು. ಬಿಳಿ ಕೈಗವಸು ಹಾಕಿಕೊಂಡವರು ವ್ಯಾನುಗಳಲ್ಲಿ ಕೂತು, ತಮ್ಮ ಅಭ್ಯರ್ಥಿಯ ಹೆಸರನ್ನೇ ಮತ್ತೆ ಮತ್ತೆ ಕೂಗುತ್ತಾ ಬೀದಿ ಸುತ್ತಿದರು. ನಮ್ಮದು ಭಾರತದ ಪಾಸ್‌ಪೋರ್ಟು, ಇಲ್ಲಿ ಮತವಿಲ್ಲ. ಹಾಗಾಗಿ ನಾನು ಅದನ್ನು ಬಿಟ್ಟಿ ತಮಾಷೆಯಂತೆ ನೋಡುತ್ತಿದ್ದೆ. ಒಂದು ಸಂಜೆ ಟಿವಿಯಲ್ಲಿ ಪಕ್ಷದ ನಾಯಕರನ್ನೆಲ್ಲ ಸಾಲಾಗಿ ಕೂರಿಸಿ, ಹೆಣ್ಣು ಹೆಣ್ಣನ್ನು, ಗಂಡು ಗಂಡನ್ನು ಮದುವೆಯಾಗಲು ಕಾನೂನು ಒಪ್ಪಬೇಕೆನ್ನುವವರು ಕೈ ಎತ್ತಿ ಎಂದರು. ಕೆಲವರು ಎತ್ತಿದರು, ಕೆಲವರು ಎತ್ತಲಿಲ್ಲ. ನಾನು ಮಗಳ ಕಡೆ ತಿರುಗಿದೆ. ಊಟ ಮಾಡುವಾಗಲೂ ಫೋನಿನಿಂದ ಕಣ್ಣು ಕೀಳದವಳು ಫೋನನ್ನು ಬೋರಲು ಹಾಕಿ ಟಿವಿಯನ್ನೇ ನೋಡುತ್ತಿದ್ದಳು. ನನ್ನ ಅನುಮಾನಕ್ಕೆ ಅಷ್ಟು ಸಾಕಾಯಿತು.

ಆಮೇಲೆ ಬೀದಿಯ ಜನರನ್ನು ನಿಲ್ಲಿಸಿ ಅದೇ ಪ್ರಶ್ನೆ ಕೇಳಿದರು. ಎಲ್ಲರೂ, ಆಗಬಹುದಲ್ಲ, ಅವರಿಷ್ಟ ಅಲ್ಲವೇ ಎಂದು ನಗುತ್ತಾ ಹೇಳಿ ಮುಂದೆ ಹೋದರು. ನಾನು ಒಬ್ಬರನ್ನೂ ನಂಬಲಿಲ್ಲ. ಒಬ್ಬ ಹೆಂಗಸಂತೂ ಆಗಬಹುದಲ್ಲ ಎಂದು ಎರಡು ಹೆಜ್ಜೆ ಹೋದವಳು ಹಿಂತಿರುಗಿ, "ನಮ್ಮ ಮನೆಯಲ್ಲಿ ಅಂಥವರು ಇಲ್ಲ ಬಿಡಿ" ಎಂದಳು. ನಾನು ನಕ್ಕೆ. ಮಗಳು ನಗಲಿಲ್ಲ.

ಮುಂದಿನ ವಾರ ಅವಳ ಹೈಸ್ಕೂಲಿನಲ್ಲಿ ಅಣಕು ಮತದಾನವಿತ್ತು. ನಗರ ಕಚೇರಿಯಿಂದ ನಿಜವಾದ ಮತಪೆಟ್ಟಿಗೆಯನ್ನೇ ತರಿಸಿ, ಮಕ್ಕಳಿಂದ ಮೂರು ಪ್ರಶ್ನೆಗಳಿಗೆ ಮತ ಹಾಕಿಸುತ್ತಾರಂತೆ: ತೆರಿಗೆ, ಅಣುವಿದ್ಯುತ್, ಈ ಮದುವೆ. ಅದಕ್ಕೆ ಮೊದಲು ಮನೆಯ ಹಿರಿಯರ ಅಭಿಪ್ರಾಯವನ್ನು ಹಾಳೆಯ ಮೇಲೆ ಬರೆಸಿ ತರಬೇಕು, ಪ್ರಶ್ನೆಗೊಂದು ಹಾಳೆ. ಒಪ್ಪುತ್ತೇನೆ, ಒಪ್ಪುವುದಿಲ್ಲ, ಯಾವುದೂ ಹೇಳಲಾರೆ ಎಂದು ಮೂರು ಚೌಕ. ಕೆಳಗೆ ನಾಲ್ಕು ಮಾತು ಬರೆಯಲು ಜಾಗ, ಅದರ ಕೆಳಗೆ ಪೋಷಕರ ಮೊಹರು. ಈ ದೇಶದಲ್ಲಿ ಸಹಿಗಿಂತ ಮೊಹರಿಗೆ ಮರ್ಯಾದೆ ಹೆಚ್ಚು. ನಮ್ಮದೂ ಒಂದಿದೆ, ಮನೆತನದ ಹೆಸರನ್ನು ಜಪಾನಿ ಅಕ್ಷರದಲ್ಲಿ ಕೆತ್ತಿಸಿದ ಬೆರಳುದ್ದದ ಕಡ್ಡಿ, ಅಡುಗೆಮನೆಯ ಡ್ರಾಯರಿನಲ್ಲಿ ರಬ್ಬರ್ ಬ್ಯಾಂಡುಗಳ ಜೊತೆ ಬಿದ್ದಿರುತ್ತದೆ.

ಮೊದಲ ಎರಡು ಹಾಳೆ ಅವಳ ಅಪ್ಪನಿಂದ ಬರೆಸಿದಳು. ಮೂರನೆಯದನ್ನು ಹಿಡಿದುಕೊಂಡು ನಾನು ದೋಸೆ ಹುಯ್ಯುತ್ತಿದ್ದಲ್ಲಿಗೆ ಬಂದಳು.

"ಅಮ್ಮಾ, ದಿಸ್ ಒನ್ ಯು ಡೂ."

"ನಿಮ್ಮಪ್ಪನ್ನ ಕೇಳು."

"ಅಪ್ಪ ಏನ್ ಕೇಳಿದ್ರೂ ವಾಟೆವರ್ ಅಂತಾರೆ. ನಿಂದು ಬೇಕು."

"ನಂದ್ಯಾಕೆ ಬೇಕು? ಯಾರಿಗೋಸ್ಕರ ಕೇಳ್ತಿದೀಯ?"

"ಹೋಮ್‌ವರ್ಕ್‌ಗೋಸ್ಕರ," ಎಂದು ಹಾಳೆಯನ್ನು ಫ್ರಿಜ್ಜಿಗೆ ಅಂಟಿಸಿ ಹೋದಳು. ದೋಸೆ ಸೀದುಹೋಯಿತು.

ಅಲ್ಲಿಂದ ಶುರುವಾಯಿತು ನನ್ನ ಪತ್ತೇದಾರಿಕೆ. ಅವಳಿಗೊಬ್ಬಳು ಗೆಳತಿ, ಅದೇ ತರಗತಿಯವಳು, ಬಾಸ್ಕೆಟ್‌ಬಾಲ್ ಆಡುವವಳು, ಕೂದಲು ಕಿವಿಯ ಮೇಲಕ್ಕೆ ಕತ್ತರಿಸಿಕೊಂಡವಳು. ಶನಿವಾರ ಮಧ್ಯಾಹ್ನ ಬಂದು, ನನ್ನನ್ನು ಒಕಾಸಾನ್, ಅಮ್ಮ, ಎಂದು ಕರೆದು, ಚಿತ್ರಾನ್ನವನ್ನು ಎರಡೆರಡು ಸಲ ಹಾಕಿಸಿಕೊಂಡು ತಿನ್ನುತ್ತಿದ್ದಳು. ನನಗೆ ಅವಳೆಂದರೆ ಇಷ್ಟವಿತ್ತು. ಈಗ ಅವಳ ಚಿತ್ರಾನ್ನವೂ ನನಗೆ ಸಾಕ್ಷಿಯಾಯಿತು. ಇಬ್ಬರ ಬ್ಯಾಗಿಗೂ ಒಂದೇ ಥರದ ಗೊಂಬೆ, ಒಂದೇ ಇಯರ್‌ಫೋನಿನ ಒಂದೊಂದು ತುದಿ ಇಬ್ಬರ ಕಿವಿಯಲ್ಲಿ. ಇಲ್ಲಿಯ ಹುಡುಗಿಯರೆಲ್ಲ ಹಾಗೇ ಇರುತ್ತಾರೆಂದು ನನಗೆ ಗೊತ್ತಿಲ್ಲವೇ? ಗೊತ್ತು. ಆದರೂ ಆ ಶನಿವಾರ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದೆ. ಗಂಟೆಯೊಳಗೆ ನಾಲ್ಕು ಸಲ ಹಣ್ಣಿನ ತಟ್ಟೆ ಹಿಡಿದು ಬಾಗಿಲು ತಳ್ಳಿದೆ.

ನಾಲ್ಕನೆಯ ಸಲ ಮಗಳು ಅಚ್ಚ ಕನ್ನಡದಲ್ಲಿ ಕೇಳಿದಳು. "ಅಮ್ಮಾ, ಇನ್ನೆಷ್ಟು ಸೇಬು ಹೆಚ್ತೀಯ?"

ಗೆಳತಿಗೆ ಮಾತು ಅರ್ಥವಾಗದಿದ್ದರೂ ವಿಷಯ ಅರ್ಥವಾಗಿರಬೇಕು. ಸುಮಿಮಾಸೆನ್ ಎಂದು ನನಗೆ ತಲೆಬಾಗಿ, ಬ್ಯಾಗ್ ಎತ್ತಿಕೊಂಡು ಹೊರಟುಹೋದಳು. ತಪ್ಪು ಮಾಡಿದವಳು ನಾನು, ಕ್ಷಮೆ ಕೇಳಿದವಳು ಅವಳು. ನಾನು ಅದನ್ನೂ ಅನುಮಾನಿಸಿದೆ: ಏನೂ ಇಲ್ಲದಿದ್ದರೆ ಕ್ಷಮೆ ಯಾಕೆ?

ಹೊಟ್ಟೆಯಲ್ಲಿಟ್ಟುಕೊಳ್ಳಲಾರದೆ ಟೋಕಿಯೋದಲ್ಲಿರುವ ನಮ್ಮ ಕಡೆಯ ಒಬ್ಬರಿಗೆ ಫೋನ್ ಮಾಡಿದೆ. ಬೆಂಗಳೂರಿನವರು, ಎಲ್ಲರ ಮನೆಯ ಸುದ್ದಿಯೂ ಅವರಿಗೆ ಬೇಕು. "ನಮ್ ಪರಿಚಯದವ್ರ ಮಗಳೊಬ್ಳು ಹೀಗೀಗೆ ಅಂತ ಅನುಮಾನ" ಎಂದು ಸುತ್ತಿ ಬಳಸಿ ಹೇಳಿದೆ.

"ಯಾರ್ ಮಗಳು? ನಿಮ್ದಾ?" ಎಂದರು ತಟ್ಟನೆ.

"ಅಯ್ಯೋ ಇಲ್ಲಪ್ಪ, ಬೇರೆಯವ್ರದು."

"ಹಂಗಾದ್ರೆ ಏನ್ ಬೇಕಾದ್ರೂ ಮಾಡ್ಕೊಳ್ಲಿ ಬಿಡಿ. ಈಗಿನ್ ಕಾಲ, ನಾವೂ ಬ್ರಾಡ್‌ಮೈಂಡೆಡ್ ಆಗ್ಬೇಕು. ನಮ್ಮನೇಲಾಗಿದ್ರೆ ಮಾತ್ರ ನಾನು ಮಾರನೇ ದಿನವೇ ಬೆಂಗ್ಳೂರ್ ಫ್ಲೈಟ್ ಹತ್ತಿಸ್ತಿದ್ದೆ."

ಟಿವಿಯ ಆ ಹೆಂಗಸೇ ಕನ್ನಡ ಕಲಿತು ಮಾತಾಡಿದ ಹಾಗಿತ್ತು. ಫೋನ್ ಇಟ್ಟ ಮೇಲೆ ನನಗೆ ಅವರ ಮೇಲೆ ಕೆಟ್ಟ ಸಿಟ್ಟು ಬಂತು. ನಾನೂ ಅದೇ ತೂಕದವಳು ಎಂಬುದು ಹೊಳೆಯಲಿಲ್ಲ.

ಗಂಡನ ಹತ್ತಿರ ಹೇಳಿದೆ. ಅವರು ಲ್ಯಾಪ್‌ಟಾಪಿನಿಂದ ತಲೆ ಎತ್ತದೆ, "ಸುಮ್ನೆ ಯಾಕೆ ಅವಳ ಹಿಂದೆ ಬಿದ್ದಿದೀಯ? ಅವ್ಳ ಕ್ಲಾಸಲ್ಲಿ ಎಲ್ರಿಗೂ ಇನ್ನೆರಡು ವರ್ಷಕ್ಕೆ ನಿಜವಾದ್ ವೋಟ್ ಬರುತ್ತೆ. ಇವ್ಳಿಗೆ ಬರಲ್ಲ. ಹುಟ್ಟಿದ್ ಊರಲ್ಲಿ ಅವ್ಳು ಹಾಕೋದು ಇದೊಂದೇ ವೋಟು, ನೆಮ್ಮದಿಯಾಗಿ ಹಾಕ್ಲಿ ಬಿಡು" ಎಂದರು. ಏನು ಕೇಳಿದರೂ ವಾಟೆವರ್ ಎನ್ನುವ ಮನುಷ್ಯ ಅಷ್ಟುದ್ದ ಮಾತಾಡಿದ್ದನ್ನು ಕೇಳಿ, ಇವರಿಗೂ ಏನೋ ಗೊತ್ತಿದೆಯೆಂದು ನನಗೆ ಇನ್ನೊಂದು ಹುಳ ಹೊಕ್ಕಿತು.

ನನಗೆ ಬೇಕಿದ್ದುದು ಒಂದೇ, ಮಗಳು ನನ್ನಿಂದ ಏನನ್ನೂ ಮುಚ್ಚಿಡಬಾರದು. ಈ ಊರಿನಲ್ಲಿ ನನಗೆ ಅಕ್ಕತಂಗಿಯರಿಲ್ಲ, ಮನಸ್ಸು ಬಿಚ್ಚುವಂಥ ಗೆಳತಿಯರಿಲ್ಲ, ಇರುವವಳು ಅವಳೊಬ್ಬಳು. ಅವಳು ಕೈ ತಪ್ಪಿದರೆ ನನಗೆ ಇಲ್ಲಿ ಯಾರೂ ಇಲ್ಲ. ಅದಕ್ಕೇ ಹುಡುಕುತ್ತಿದ್ದೆ. ಹುಡುಕಿದಷ್ಟೂ ಅವಳು ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದಳು.

ಹಾಳೆ ಕೊಡುವ ದಿನ ಬೆಳಿಗ್ಗೆ ಅವಳು ಶೂ ಹಾಕಿಕೊಳ್ಳುತ್ತಿದ್ದಾಗ ಫ್ರಿಜ್ಜಿನಿಂದ ಅದನ್ನು ಕಿತ್ತು, ಯಾವುದೂ ಹೇಳಲಾರೆ ಎಂಬ ಕೊನೆಯ ಚೌಕಕ್ಕೆ ಗುರುತು ಹಾಕಿ, ಮೊಹರು ಒತ್ತಿದೆ. ಬರೆಯುವ ಜಾಗ ಖಾಲಿ ಬಿಟ್ಟೆ. ಹೂಂ ಎಂದರೆ ಅವಳಿಗೆ ದಾರಿ ತೋರಿಸಿದ ಹಾಗೆ, ಊಹೂಂ ಎಂದರೆ ಅವಳು ಬಾಯಿ ಬಿಡುವುದೇ ಇಲ್ಲ. ಅಡ್ಡಗೋಡೆಯ ಮೇಲೆ ದೀಪ ಇಟ್ಟು ಜಾಣೆಯಾದೆನೆಂದು ಬೀಗಿದೆ. ಅವಳು ಹಾಳೆಯನ್ನು ನೋಡಿ "ಓಕೆ" ಎಂದಷ್ಟೇ ಹೇಳಿ, ನಾಲ್ಕಾಗಿ ಮಡಿಸಿ ಜೇಬಿಗೆ ಹಾಕಿಕೊಂಡಳು.

ಚುನಾವಣೆ ಮುಗಿಯಿತು. ಗೆದ್ದವರು ಬಾನ್‌ಜಾಯ್, ಜಯವಾಗಲಿ, ಎಂದು ಕೈ ಎತ್ತಿದರು. ಮದುವೆಯ ಪ್ರಶ್ನೆ ಎಂದಿನಂತೆ, ಎಚ್ಚರಿಕೆಯಿಂದ ಚರ್ಚಿಸಬೇಕಾದ ವಿಷಯ ಎಂಬಲ್ಲಿಗೆ ಹೋಗಿ ಕೂತಿತು. ಟಿವಿಯಲ್ಲಿ ಅದರ ಮಾತು ನಿಂತಿತು. ನನಗೆ ನಿರಾಳವಾಯಿತು. ಗೆಳತಿ ಶನಿವಾರಗಳಂದು ಬರುವುದೂ ನಿಂತಿತ್ತು. ಮೊದಲ ವಾರ ಅದೂ ನಿರಾಳವೇ ಎನಿಸಿತು. ಎರಡನೆಯ ವಾರ ಅಭ್ಯಾಸಬಲದಿಂದ ಮಾಡಿದ ಚಿತ್ರಾನ್ನ ರಾತ್ರಿಯವರೆಗೂ ಉಳಿಯಿತು, ಮಗಳು ಅದನ್ನು ಮುಟ್ಟಲಿಲ್ಲ.

ಅದಾದ ಕೆಲವು ದಿನಕ್ಕೆ ಪೋಷಕರು ಬಂದು ಪಾಠ ನೋಡುವ ದಿನ ಬಂತು. ನಾನು ಬೇಕೆಂದೇ ಅರ್ಧ ಗಂಟೆ ಮೊದಲು ಹೋದೆ, ಆ ಹುಡುಗಿ ಎಲ್ಲಿ ಕೂರುತ್ತಾಳೆ ನೋಡೋಣವೆಂದು. ಶಾಲೆಯೊಳಗೆ ಹಾಕಲೆಂದು ಮನೆಯಿಂದ ತಂದ ಚಪ್ಪಲಿ ಮೆಟ್ಟಿಕೊಂಡು ತರಗತಿಯ ಬಾಗಿಲಿಗೆ ಬರುತ್ತಿದ್ದಂತೆ ಅವಳ ಟೀಚರ್ ಎದುರಾಗಿ ಆಳವಾಗಿ ತಲೆಬಾಗಿದರು.

"ಹಾಳೆಯ ಮೇಲೆ ಸಾಂಬಾರು ಚೆಲ್ಲಿತೆಂದು ಮತ್ತೊಮ್ಮೆ ಬರೆದುಕೊಟ್ಟಿರಂತೆ. ಎಷ್ಟು ಶ್ರಮ ತೆಗೆದುಕೊಂಡಿರಿ! ಅದೂ ನಿಮ್ಮ ಭಾಷೆಯಲ್ಲೇ."

ಯಾವ ಸಾಂಬಾರು ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಅವರು ನನ್ನನ್ನು ಹಿಂದಿನ ಗೋಡೆಯ ಹತ್ತಿರ ಕರೆದುಕೊಂಡು ಹೋದರು. ಅಣಕು ಮತದಾನದ ಫಲಿತಾಂಶವನ್ನು ದೊಡ್ಡದಾಗಿ ಬರೆದು ಹಾಕಿದ್ದರು. ಮದುವೆಗೆ ಹೂಂ ಎಂದ ಮಕ್ಕಳೇ ಹೆಚ್ಚು. ಅದರ ಕೆಳಗೆ ಹೆಸರು, ಮೊಹರು ಕಾಣದಂತೆ ಮಡಿಸಿ ಅಂಟಿಸಿದ ಪೋಷಕರ ಹಾಳೆಗಳು. ಅಷ್ಟೂ ಜಪಾನಿ ಹಾಳೆಗಳ ನಡುವೆ ಒಂದು ಕನ್ನಡದ್ದು. ಒಪ್ಪುತ್ತೇನೆ ಎಂಬ ಚೌಕಕ್ಕೆ ಗುರುತು. ಕೆಳಗೆ ದಪ್ಪ ದಪ್ಪ ಅಕ್ಷರ, ನಾನೇ ಕೈ ಹಿಡಿದು ತಿದ್ದಿಸಿದ ಅಕ್ಷರ, ಒತ್ತಕ್ಷರ ಒಂದೂ ಇಲ್ಲ. ಅದರ ಕೆಳಗೆ ಜಪಾನಿ ಅನುವಾದ.

ಮೊದಲು ಬಂದದ್ದು ಸಿಟ್ಟು. ನನ್ನ ಮೊಹರು ಕದ್ದು, ನನ್ನ ಹೆಸರಿನಲ್ಲಿ ಸುಳ್ಳು ಬರೆದು, ಊರಿನ ಕಣ್ಣಿಗೆ ಅಂಟಿಸಿದ್ದಾಳೆ! ಕೈಗೆ ಸಿಕ್ಕಿದ್ದರೆ ಬಾರಿಸಿಬಿಡುತ್ತಿದ್ದೆ. ಆಮೇಲೆ ನನ್ನ ಚಾಳಿಯಂತೆ ತಲೆ ಓಡಿತು. ಜಪಾನಿಯಲ್ಲೇ ಬರೆಯಬಹುದಿತ್ತು, ಕನ್ನಡದಲ್ಲಿ ಯಾಕೆ ಬರೆದಳು? ನಾನೇ ಬರೆದದ್ದೆಂದು ಟೀಚರ್ ನಂಬಲಿ ಎಂದೇ? ಅಥವಾ ಈ ಇಡೀ ಕಟ್ಟಡದಲ್ಲಿ ಇದನ್ನು ಓದಬಲ್ಲವಳು ನಾನೊಬ್ಬಳೇ ಎಂದೇ?

ಅಷ್ಟರಲ್ಲಿ ಮೂರು ನಾಲ್ಕು ತಾಯಂದಿರು ಬಂದು ಸುತ್ತ ನಿಂತಿದ್ದರು. ಎಷ್ಟು ದುಂಡಗಿನ ಅಕ್ಷರ ಎಂದು ಒಬ್ಬರು ಮೆಚ್ಚಿದರು. "ಒಂದು ಸಲ ಓದಿ ಕೇಳಿಸುತ್ತೀರಾ?" ಎಂದರು ಟೀಚರ್. ತಿರುಗಿ ನೋಡಿದೆ. ಕಿಟಕಿಯ ಪಕ್ಕ ಮಗಳು ನಿಂತಿದ್ದಳು, ಪಕ್ಕದಲ್ಲಿ ಆ ಗೆಳತಿ. ಮಗಳ ಮುಖ ಬಿಳಿಚಿಕೊಂಡಿತ್ತು. ಇದು ನನ್ನದಲ್ಲ ಎಂದು ನಾನು ಒಂದು ಮಾತು ಆಡಿದರೆ ಮುಗಿಯಿತು. ಅವಳು ಅದನ್ನೇ ಕಾಯುತ್ತಿದ್ದಳು.

ನಾನು ಗಂಟಲು ಸರಿಮಾಡಿಕೊಂಡು ಓದಿದೆ.

"ನನ ಮಗಳು ಯಾರನ ಕರಕೊಂಡು ಬಂದರು ನಾನು ಬಾಗಿಲು ತೆಗಿತಿನಿ. ಊಟ ಹಾಕತಿನಿ."

ಊಟ ಎನ್ನುವಾಗ ಹಾಳೆ ಬಿಟ್ಟು ಮಗಳನ್ನೇ ನೋಡುತ್ತಿದ್ದೆ. ತಾಯಂದಿರು ಮೆಲ್ಲಗೆ ಚಪ್ಪಾಳೆ ತಟ್ಟಿದರು. ಅವರೆಲ್ಲ ನಿಜವಾಗಿ ಏನಂದುಕೊಂಡರೋ, ಅಂದು ಮಾತ್ರ ನಾನು ಅದರ ಗೊಡವೆಗೆ ಹೋಗಲಿಲ್ಲ.

ಸಂಜೆ ಇಬ್ಬರೂ ಒಟ್ಟಿಗೆ ಮನೆಗೆ ಹೊರಟೆವು. ಅವಳು ಸೈಕಲ್ ತಳ್ಳುತ್ತಾ ಬರುತ್ತಿದ್ದಳು. ರೈಲ್ವೆ ಗೇಟು ಹಾಕಿತ್ತು, ನಿಂತೆವು. ಮೊಹರಿನ ಬಗ್ಗೆ ನಾನು ಬೈಯಲಿಲ್ಲ. ಆ ಹುಡುಗಿ ನಿನಗೆ ಯಾರು ಎಂದು ಕೇಳಲೂ ಇಲ್ಲ. ಕೇಳಬೇಕೆಂದು ನಾಲಿಗೆಯ ತುದಿ ತುರಿಸುತ್ತಿತ್ತು ಎನ್ನುವುದು ನಿಜ.

ಅವಳೇ ಕೇಳಿದಳು, ಕನ್ನಡದಲ್ಲಿ. "ಅಮ್ಮಾ, ಅದನ್ನ ಓದಿದ್ಯಲ್ಲ. ಅಷ್ಟೊಂದು ಜನ ಇದ್ರು ಅಂತ ಓದಿದ್ಯಾ?"

ಸುಳ್ಳು ಹೇಳಬಹುದಿತ್ತು. "ಶುರು ಮಾಡಿದ್ದು ಜನ ಇದ್ರು ಅಂತಾನೇ," ಎಂದೆ.

"ಆಮೇಲೆ?"

"ಆಮೇಲೆ ನೀನು ಕಾಣಿಸ್ತಿದ್ದೆ, ಜನ ಕಾಣಿಸ್ಲಿಲ್ಲ."

ರೈಲು ಹೋಯಿತು, ಗೇಟು ಎದ್ದಿತು. ಅವಳು ಹೊರಡಲಿಲ್ಲ. ಮೂರು ವಾರ ನಾನು ಅವಳನ್ನು ನೋಡಿದಂತೆಯೇ ನನ್ನ ಮುಖವನ್ನು ತಡಕಾಡಿ ನೋಡಿದಳು, ಎಲ್ಲಿ ಸುಳ್ಳಿದೆ ಎಂದು. ನಂಬಿದಳೋ ಇಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ.