ಐರಾಣಿಗೆ ಉಳಿಯದ ಗಡಿಗೆಗಳು

ಮೊನ್ನೆ ಭಾಲ್ಕಿ ಬಸ್ ಸ್ಟ್ಯಾಂಡಿನ ಎದುರು ಮಣ್ಣಿನ ಕಪ್ಪಿನಲ್ಲಿ ಚಹಾ ಕೊಟ್ಟರು. ಬಿಸಿ ಚಹಾ ಬಿದ್ದದ್ದೇ ತಡ, ಸುಟ್ಟ ಮಣ್ಣಿನ ವಾಸನೆ ಮೂಗಿಗೆ ಬಡಿಯಿತು. ಕುಡಿಯಲಾಗಲಿಲ್ಲ. ಕಪ್ಪು ಹಿಡಿದುಕೊಂಡು ಅತ್ತ ಇತ್ತ ಓಡಾಡಿದೆ. ಬೀದರ್ ಬಸ್ಸು ಬಂದು ಹೋಯಿತು, ಹತ್ತಲಿಲ್ಲ... ನಮ್ಮ ಕುಂಬಾರ ಕಾಕಾ ನೆನಪಾದರೆ ನನಗೆ ಹೀಗೇ, ಒಂದು ಕಡೆ ನಿಲ್ಲಲಾಗುವುದಿಲ್ಲ.

ಹಳೆಯ ಕಸುಬುಗಳನ್ನು ಕಣ್ಣೆದುರೇ ಮಾಡಿ ತೋರಿಸುವ ಬೀದರಿನ ವಸ್ತುಸಂಗ್ರಹಾಲಯವೊಂದರಲ್ಲಿ ಬಂದವರಿಗೆ ವಿವರಿಸಿ ಹೇಳುವುದು ನನ್ನ ಕೆಲಸ. ಕಾಕಾ ಅಲ್ಲಿ ಕುಂಬಾರರು. ದಿನಾ ಭಾತಂಬ್ರಾದಿಂದ ಬಂದು ತಿಗರಿ ತಿರುಗಿಸುತ್ತಿದ್ದರು. ಹಳೇ ಗೋಡೆಗೆ ಹೊಗೆ ಹಿಡಿಯುತ್ತದೆಂದು ಗಡಿಗೆ ಸುಡುವ ಆವಿಗೆ ಹಾಕಲು ಬಿಡುತ್ತಿರಲಿಲ್ಲ. ಸಂಜೆಯಾದರೆ ಅಂದಿನ ಹಸಿ ಗಡಿಗೆಗಳೆಲ್ಲ ಮತ್ತೆ ನೀರಿಗೆ ಬಿದ್ದು ಮಣ್ಣಾಗುತ್ತಿದ್ದವು. ಪಕ್ಕದಲ್ಲಿ ಗಾಜು ಊದುವವನಿಗೆ ಮಾತ್ರ ಸಣ್ಣ ಗ್ಯಾಸಿನ ಬೆಂಕಿ ಇತ್ತು.

“ನಿನ್ನ ಬೆಂಕಿಗಿ ಪರವಾನಗಿ ಅದ ನೋಡಪ್ಪಾ,” ಎಂದು ಕಾಕಾ ಚುಚ್ಚುತ್ತಿದ್ದರು.

“ಬಟಾಣಿ ಕಾಳಿನಷ್ಟು ಗಡಿಗಿ ಮಾಡ್ರಿ ಚಾಚಾ, ಇಲ್ಲೇ ಸುಟ್ಟು ಕೊಡ್ತೇನಿ,” ಎನ್ನುತ್ತಿದ್ದ ಅವನು.

ಗಡಿಗೆ ತಿಗರಿಯ ಮೇಲೇ ಮುಗಿಯುವುದಿಲ್ಲ. ಅಲ್ಲಿ ದಪ್ಪಗೆ ಎಬ್ಬಿಸಿ, ಅರೆ ಒಣಗಿದ ಮೇಲೆ ಒಳಗೆ ಕಲ್ಲು ಹಿಡಿದು, ಹೊರಗಿನಿಂದ ಹಲಗೆಯಲ್ಲಿ ಬಡಿದು ಬಡಿದು ತೆರೆದ ತಳ ಕೂಡಿಸಬೇಕು. ತೆಳುವಾಗುವುದೂ ಗಟ್ಟಿಯಾಗುವುದೂ ಆಗಲೇ. ನೋಡಲು ಬಂದವರು ಅದಕ್ಕೆಲ್ಲ ಮರುದಿನದ ತನಕ ಕಾಯುತ್ತಾರೆಯೇ? ನಾನೇ ಒಂದು ದಿನ ಹೇಳಿದೆ: “ಕಾಕಾ, ತಿಗರಿ ಮ್ಯಾಲೇ ತೆಳ್ಳಗ ಎಳದು ಬಿಡ್ರಿ. ಜನಕ್ಕ ಚಂದ ಕಾಣ್ತದ.”

“ಬಡಿಲಿಕ್ಕ ಮಣ್ಣ ಎಲ್ಲಿ ಉಳೀತದ ಬಾಯಿ?” ಹೆಂಗಸರನ್ನು ಅವರು ಕರೆಯುತ್ತಿದ್ದುದೇ ಹಾಗೆ, ಬಾಯಿ ಎಂದು.

“ಇಲ್ಲಿ ಬಡಿಯೋದೇ ಇಲ್ಲಲ್ರಿ!”

ನಕ್ಕರು. ಎಳೆದರು. ಹೂವಿನ ಎಸಳಿನಂಥ ಅಂಚು ಎದ್ದಿತು, ಚಪ್ಪಾಳೆ ಬಿತ್ತು. ಹೀಗೇ ಮೂರು ವರ್ಷ.

ಅಷ್ಟರಲ್ಲಿ ನನ್ನ ಮಗಳ ಮದುವೆ ನಿಶ್ಚಯವಾಯಿತು. ನಮ್ಮ ಕಡೆ ಮದುವೆಗೆ ಮೊದಲು ಬ್ಯಾಂಡು ಬಾರಿಸಿಕೊಂಡು ಕುಂಬಾರರ ಮನೆಗೆ ಹೋಗಿ, ಅಲ್ಲೇ ಪೂಜೆ ಮಾಡಿ, ಸುಣ್ಣ-ಕೆಮ್ಮಣ್ಣಿನ ಚಿತ್ತಾರದ ಐದು ಗಡಿಗೆ ಹೊತ್ತು ತರಬೇಕು. ಐರಾಣಿ ಅನ್ನುತ್ತೇವೆ. “ನಿಮ್ಮ ಕೈಯಾಂದೇ ಬೇಕು ಕಾಕಾ” ಅಂದೆ. ಅವರು ಕೈ ತೊಳೆಯುವುದನ್ನೂ ಮರೆತು ಎದ್ದು ನಿಂತರು. “ಮೂರು ವರ್ಷಾತು, ನನ್ನ ಗಡಿಗಿ ಬೆಂಕಿ ಕಂಡಿಲ್ಲ,” ಅಂದರು. ಹದಿನೈದು ದಿನ ರಜೆ ಹಾಕಿ ಊರಿಗೆ ಹೋದರು.

ಐರಾಣಿಗೆ ಮೂರು ದಿನ ಮೊದಲು ನೋಡಿ ಬರೋಣವೆಂದು ಭಾತಂಬ್ರಾಕ್ಕೆ ಹೋದೆ. ಬಿಚ್ಚಿದ ಆವಿಗೆಯ ಮುಂದೆ ಕಾಕಾ ಕುಕ್ಕರುಗಾಲಲ್ಲಿ ಕೂತಿದ್ದರು. ಒಂದೂ ಉಳಿದಿರಲಿಲ್ಲ. ಎಲ್ಲ ತಳದಲ್ಲೇ ಸೀಳಿದ್ದವು.

“ಚಪ್ಪಾಳಿಗಿ ಗಡಿಗಿ ಮಾಡಿದ್ರ ಹಿಂಗೇ ಆಗ್ತದ್ರಿ,” ಎಂದು ಅವರ ಹೆಂಡತಿ, ಕಾಕಿ, ಬಾಗಿಲಿನಿಂದಲೇ ಹೇಳಿ ಒಳಗೆ ಹೋದಳು.

ಕಾಕಾ ಒಂದು ಚೂರು ನನ್ನ ಕೈಯಲ್ಲಿಟ್ಟರು. “ಬೆಂಕಿದು ತಪ್ಪಲ್ಲ ಬಾಯಿ. ತಿಗರಿ ಮ್ಯಾಲೇ ತೆಳ್ಳಗ ಎಳದೀನಿ, ಬಡಿಲಿಕ್ಕ ಮಣ್ಣೇ ಉಳಸಿಲ್ಲ. ಎದುರಿಗಿ ಯಾರೂ ನಿಂತಿದ್ದಿಲ್ಲ... ಆದ್ರೂ ಕೈ ಹಂಗೇ ಎಳೀತು.”

ಹಾಗೆ ಎಳೆಯಲು ಹೇಳಿದವಳು ನಾನು. ಆ ಮಾತು ನಾಲಿಗೆಯ ತನಕ ಬಂತು. “ಇನ್ನೂ ಮೂರು ದಿನ ಅದಲ್ರಿ” ಅಂತ ಏನೋ ಅಂದು ಎದ್ದು ಬಂದೆ.

ಐರಾಣಿಯ ದಿನ ಬ್ಯಾಂಡಿನೊಂದಿಗೆ ಹೋದಾಗ ಅಂಗಳದಲ್ಲಿ ಐದು ಗಡಿಗೆ ಚಿತ್ತಾರವಾಗಿ ಕೂತಿದ್ದವು. ನನ್ನ ಎದೆ ಹಗುರಾಯಿತು. ಧೋತರ, ಅಕ್ಕಿ, ಕಾಯಿ ಕೊಡಲು ಹೋದರೆ ಕಾಕಾ ಕೈ ಹಿಂದಕ್ಕೆಳೆದುಕೊಂಡರು. ಎಲ್ಲರ ಎದುರೇ ಹೇಳಿದರು: “ಇವು ನಾ ಮಾಡಿದವಲ್ರಿ. ಠಾಣಾ ಕುಶನೂರದಾಗ ನಮ್ಮ ಬೀಗರು ಮಾಡ್ಯಾರ. ಈ ಮರ್ಯಾದಿ ಅವರದು, ಅವರಿಗೇ ಮುಟ್ಟಸ್ತೇನಿ.”

“ಹೇಳದಿದ್ರ ಯಾರಿಗಿ ಗೊತ್ತಾಗ್ತಿತ್ತು?” ಎಂದು ನಮ್ಮ ನಾದಿನಿ ನನ್ನ ಕಿವಿಯಲ್ಲಿ ಗೊಣಗಿದಳು.

ಆಮೇಲೆ ಕಾಕಾ ಕೆಲಸಕ್ಕೆ ಬರಲೇ ಇಲ್ಲ. ಎರಡು ಸಲ ಹೇಳಿ ಕಳಿಸಿದೆ. “ಕೈ ತಿದ್ಕೋಳಿಕ್ಕ ಹತ್ತೀನಿ ಅಂತ ಹೇಳ್ರಿ” ಎಂದು ಉತ್ತರ ಬಂತು. ಹೋಗಬೇಕು, ಹೋಗಿ ಹೇಳಬೇಕು ಅಂತಿದ್ದೆ. ಮಗಳ ಮೊದಲ ಹಬ್ಬ, ಆಮೇಲೆ ಬಿಸಿಲು, ಆಮೇಲೆ ಇನ್ನೇನೋ...

ಹೋದ ವರ್ಷ ಅವರು ತೀರಿಕೊಂಡ ಸುದ್ದಿ ಬಂದ ಮೇಲೆ ಹೋದೆ. ಕಾಕಿ ನೀರು ಕೊಟ್ಟು ಕೂಡಿಸಿದಳು. ಎರಡು ವರ್ಷ ಒಡೆದದ್ದೇ ಒಡೆದದ್ದಂತೆ. ಕಡೆಯ ಆವಿಗೆಯಲ್ಲಿ ಮಾತ್ರ ಒಂದೂ ಬಿರುಕು ಬಿಡಲಿಲ್ಲವಂತೆ. ಎಲ್ಲ ಭಾಲ್ಕಿ ಸಂತೆಗೆ ಹೋದವು.

“ಒಂದಾದ್ರೂ ಇಟ್ಕೊಂಡಿಲ್ಲೇನ್ರಿ ಕಾಕಿ?”

“ಇಟ್ಕೋಳಿಕ್ಕ ಗಡಿಗಿ ಮಾಡ್ತಾರೇನ್ರಿ? ಯಾರ್ಯಾರೋ ನೀರಿಗಿ ಒಯ್ದಾರ.”

ಈಗ ಈ ಕಡೆ ಯಾರ ಮನೆಗೆ ಹೋದರೂ ನನ್ನ ಕಣ್ಣು ಮೊದಲು ನೀರಿನ ಗಡಿಗೆಯ ಮೇಲೆ ಬೀಳುತ್ತದೆ. ಬೆರಳಿನಿಂದ ತಟ್ಟಿ ನೋಡುತ್ತೇನೆ. ಗಟ್ಟಿ ಸದ್ದು ಬರುತ್ತದೆ. “ಯಾಕ್ರಿ, ಸೋರ್ತದೇನು?” ಅಂತ ಮನೆಯವರು ಕೇಳುತ್ತಾರೆ. ಇಲ್ಲ ಅನ್ನುತ್ತೇನೆ. ಅದು ಕಾಕಾನದೋ ಅಲ್ಲವೋ ತಿಳಿಯುವ ಬಗೆಯಿಲ್ಲ. ತಪ್ಪು ನಂದು ಕಾಕಾ ಅಂತ ಅವರಿಗೆ ಹೇಳುವುದಕ್ಕೂ ಈಗ ಬಗೆಯಿಲ್ಲ.