ಹಾರ ಹಾಕಿದ ಇಲಕಲ್ ಸೀರೆ

ನಮ್ಮ ಮುಂಬೈ ಕನ್ನಡಿಗರ ನಾಟಕ ತಂಡದ ಹಾಸ್ಯನಟ ಹೋಗಿಬಿಟ್ಟ. ಅಭಿಮಾನಿಗಳಿಗೆ ಅಳುವುದಕ್ಕೆ ಮೊದಲು ಒಂದು ಫೋಟೊ ಬೇಕಾಯಿತು. ಅವನಿಗೆ ಮದುವೆಯಾಗಿರಲಿಲ್ಲ, ಕೇಳೋಣವೆಂದರೆ ಸಾಂತಾಕ್ರೂಜ್‌ನ ಮನೆಯಲ್ಲಿ ಯಾರೂ ಇಲ್ಲ. ‘ನನಗೆ ಸ್ವಂತ ಅಣ್ಣನಂತಿದ್ದರು’ ಎಂದು ವಾಟ್ಸಾಪ್‌ನಲ್ಲಿ ಬರೆದವರೆಲ್ಲ ಮೊಬೈಲ್ ತಡಕಾಡಿದರು. ಎಲ್ಲರ ಬಳಿಯೂ ಇದ್ದದ್ದು ಅವನ ಪ್ರಸಿದ್ಧ ಪಾತ್ರದ ಚಿತ್ರ: ವಿಜಯಪುರದ ಬಾಯಿಬಡುಕಿ ಅತ್ತೆ. ಇಲಕಲ್ ಸೀರೆ, ಮೂಗಿನಲ್ಲಿ ನತ್ತು, ಹಣೆ ತುಂಬ ಕುಂಕುಮ. ಪ್ಯಾಂಟು ತೊಟ್ಟ ಅಣ್ಣನ ಫೋಟೊ ಯಾರೂ ಒಂದು ಸಲವೂ ತೆಗೆದಿರಲಿಲ್ಲ.

ಕಡೆಗೆ ಅದನ್ನೇ ದೊಡ್ಡದಾಗಿ ಪ್ರಿಂಟ್ ಮಾಡಿಸಿ, ಘಾಟ್ಕೋಪರ್‌ನ ಒಂದು ಹಾಲ್‌ನಲ್ಲಿಟ್ಟು ಹಾರ ಹಾಕಿದರು. ನಾನು ಅವ್ವನ ಜೊತೆ ಎರಡನೇ ಸಾಲಿನಲ್ಲಿ ಕೂತಿದ್ದೆ. ಅವ್ವ ಕನ್ನಡಕ ಒರೆಸಿಕೊಂಡು ಮತ್ತೆ ಫೋಟೊ ನೋಡಿದಳು. ಅಪ್ಪ ಬದುಕಿದ್ದಾಗ ಅವಳು ಇದ್ದದ್ದು ಆ ಫೋಟೊದಲ್ಲಿದ್ದ ಹಾಗೆಯೇ.

ಸತ್ತ ಎಮ್ಮೆಗೆ ಹಾಲು ಜಾಸ್ತಿ ಅನ್ನುತ್ತಾರಲ್ಲ, ಭಾಷಣಗಳು ಶುರುವಾದವು. ಮಾತಾಡಿದವರೆಲ್ಲ ‘ಕೊನೇ ಫೋನ್ ಮಾಡಿದ್ದು ನನಗೇ’ ಎಂದರು. ನಂಬುವುದಾದರೆ, ಕೊನೆಯ ದಿನ ಅವನು ಉಸಿರಾಡಲಿಕ್ಕೂ ಫೋನ್ ಕೆಳಗಿಟ್ಟಿರಲಿಕ್ಕಿಲ್ಲ. ಆಸ್ಪತ್ರೆಯಲ್ಲಿದ್ದಾಗ ಮಾತ್ರ, ನಾನು ಹೋದಾಗಲೆಲ್ಲ ಮಂಚದ ಪಕ್ಕದ ಕುರ್ಚಿ ಖಾಲಿಯೇ ಇರುತ್ತಿತ್ತು. ಟ್ರಾಫಿಕ್ ಅಂತೆ.

ಆಮೇಲೆ ಒಬ್ಬರು ಸೊಂಟಕ್ಕೆ ಕೈಯಿಟ್ಟು ಅತ್ತೆಯ ಮಾತು ಶುರು ಮಾಡಿದರು. ಉಳಿದದ್ದನ್ನು ಇಡೀ ಹಾಲ್ ಒಟ್ಟಿಗೆ ಹೇಳಿತು: “ಉಣ್ಣಂಗಿಲ್ಲ ಅಂದ್ರ ಬಿಡ್ರಿ. ಹಸಿವಿನೂ ನಿಮ್ಮದ, ಹಠಾನೂ ನಿಮ್ಮದ. ರೊಟ್ಟಿ ಅಷ್ಟ ನಂದು.”

ನಾನು ಚಪ್ಪಲಿ ನೋಡುತ್ತ ಕೂತೆ. ಆ ಮಾತು ಹುಟ್ಟಿದ್ದು ಕುರ್ಲಾದ ನಮ್ಮ ಚಾಳಿನ ಅಡುಗೆಮನೆಯಲ್ಲಿ. ಸಿಟ್ಟು ಮಾಡಿಕೊಂಡು ಗೋಡೆಗೆ ಮುಖ ಮಾಡಿ ಮಲಗಿದ್ದ ಅಪ್ಪನಿಗೆ ಅವ್ವ ಹೇಳಿದ್ದು. ಕೇಳಿಸಿಕೊಂಡವನು ನಾನೊಬ್ಬನೇ.

ನಟನೂ ನಾನೂ ಒಂದೇ ಆಫೀಸಿನಲ್ಲಿದ್ದವರು. ‘ಒಬ್ಬನ ಇರತಾನ, ಪಾಪ’ ಎಂದು ಅವ್ವ ನನ್ನ ಡಬ್ಬಿಯಲ್ಲಿ ಅವನಿಗೂ ಎರಡು ರೊಟ್ಟಿ ಇಡುತ್ತಿದ್ದಳು. ರೊಟ್ಟಿಯ ಜೊತೆಗೆ ನಾನು ಅವಳ ಮಾತನ್ನೂ ಬಡಿಸುತ್ತಿದ್ದೆ. ಅವನು ನಗುತ್ತ ಬರೆದುಕೊಳ್ಳುತ್ತಿದ್ದ. ನನಗೆ ಪ್ರತಿ ನಾಟಕಕ್ಕೂ ಮುಂದಿನ ಸಾಲಿನ ಪಾಸು.

ಮೊದಲ ಪ್ರಯೋಗಕ್ಕೆ ಅವ್ವನನ್ನು ಕರೆದೊಯ್ದಾಗ, ಗುರುತು ಹಿಡಿದುಬಿಟ್ಟರೆ ಎಂದು ನಾಟಕ ಬಿಟ್ಟು ಅವಳ ಮುಖವನ್ನೇ ನೋಡುತ್ತಿದ್ದೆ. ಆದರೆ ಅವಳು ಎಲ್ಲರಂತೆ ನಕ್ಕಳು. “ಥೇಟ್ ನಮ್ಮ ಅಕ್ಕ ನೋಡು,” ಎಂದಳು. ನಾನೂ ನಟನೂ ಮರುದಿನ ಅದಕ್ಕೇ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಆಮೇಲೆ ಅವ್ವನ ಮಾತು ಕಡಿಮೆಯಾಯಿತು. “ಹೊಸದೇನೂ ಇಲ್ಲೇನೋ?” ಎಂದು ಅವನು ಡಬ್ಬಿ ಬಿಚ್ಚುತ್ತ ಕೇಳುತ್ತಿದ್ದ. ಅವಳಿಗೆ ವಯಸ್ಸಾಯಿತು ಎನ್ನುತ್ತಿದ್ದೆ. ಹಳೆಯದನ್ನೇ ಅವನು ತಿರುಗಿಸಿ ಮುರುಗಿಸಿ ಆಡಿದ. ಅಭಿಮಾನಿಗಳು ಅದನ್ನು ಪ್ರೌಢಿಮೆ ಎಂದರು.

ಸಭೆ ಮುಗಿದು ಕುರ್ಲಾಕ್ಕೆ ಆಟೋ ಹತ್ತಿದೆವು. ಅವ್ವ ಸೆರಗು ಸರಿಮಾಡಿಕೊಂಡು, “ಜೀವ ಇರೂ ಮುಂದನ ನನ್ನ ಫೋಟೋಕ್ಕ ಹಾರ ಹಾಕಿದ್ರು,” ಎಂದಳು.

ನಾನು ತಟ್ಟನೆ ಅವಳತ್ತ ತಿರುಗಿದೆ. “ನಿಮ್ಮ ಅಕ್ಕನಂಗ ಅದಾಳ ಅಂದಿದ್ಯಲ್ಲ?”

“ನಮ್ಮಕ್ಕ ಎಂದಾರ ಮುಂಬೈ ನೋಡ್ಯಾಳೇನು, ಆಕಿ ಮಾತು ಅಂವಗ ಹೆಂಗ ಸಿಗಬೇಕು? ಮೊದಲನೇ ದಿನಾನ ಗೊತ್ತಾತು. ಅಂವ ನಮ್ಮ ಮನಿ ಹೊಸ್ತಿಲಾ ತುಳಿದಿಲ್ಲ. ಮಾತು ಡಬ್ಬ್ಯಾಗ ಕಟ್ಟಿಕೊಂಡು ಹೋದಾಂವ ನೀ. ಅವತ್ತಿಂದನ ನಿನ್ನ ಮುಂದ ಮಾತಾಡೂದು ಬಿಟ್ಟೆ.”

ಇಷ್ಟು ವರ್ಷ ಅದನ್ನು ವಯಸ್ಸು ಎಂದುಕೊಂಡಿದ್ದೆ. ನಾಚಿಕೆಯಾಯಿತು. ಸಮಾಧಾನ ಮಾಡಲು ಹೋಗಿ, “ಇನ್ನ ಮಾತಾಡವ್ವ. ಅಂವ ಹ್ವಾದ,” ಎಂದೆ.

“ಅಂವ ಹ್ವಾದ,” ಎಂದಳು. “ನೀ ಇದ್ದೀಯಲ್ಲ.”

ನೋಡಿ, ಇದನ್ನೂ ನಿಮಗೆ ಹೇಳಿಬಿಟ್ಟೆ.