ಕಾಡು ಸುಮ್ಮನಾದರೆ ಗಿರಿಯಪ್ಪ ಹೊರಡುತ್ತಾರೆ

ಫೆಬ್ರವರಿಯ ಒಂದು ಬೆಳಗು. ತರೀಕೆರೆ ತಾಲ್ಲೂಕಿನ ಹುಣಸೇಕಟ್ಟೆಯಲ್ಲಿ ಕೊನೆಯ ಮನೆ ದಾಟಿದರೆ ಕಾಡು. ಅಲ್ಲಿ ಬಂಡೆಯೊಂದಕ್ಕೆ ಒರಗಿ ಗಿರಿಯಪ್ಪ ನಿಂತಿದ್ದಾರೆ. ನಡೆಯುತ್ತಿಲ್ಲ, ಮಾತಾಡುತ್ತಿಲ್ಲ, ಕಣ್ಣುಗಳೂ ಅರ್ಧ ಮುಚ್ಚಿವೆ. ಪ್ಯಾಂಟಿನ ಅಂಚು ಕಾಲುಚೀಲದೊಳಗೆ, ಕಾಲುಚೀಲ ಗಮ್‌ಬೂಟಿನೊಳಗೆ. ಉಣುಗು ಹತ್ತದಂತೆ ಮೈಗೆ ಬಳಿದುಕೊಂಡ ಎಣ್ಣೆಯ ಘಾಟು ಮಂಜಿನಲ್ಲೂ ಮೂಗಿಗೆ ಹತ್ತುತ್ತದೆ.

ಅವರು ಕೇಳಿಸಿಕೊಳ್ಳುತ್ತಿದ್ದಾರೆ. ಬೆಳಕು ಹರಿಯುವ ಹೊತ್ತಿಗೆ ಮುಸುವಗಳ, ಅಂದರೆ ಕರಿಮುಖದ ಮಂಗಗಳ, ಹಿಂಡುಗಳು ತಾವು ರಾತ್ರಿ ಕಳೆದ ಮರಗಳಿಂದಲೇ ಕೂಗು ಹಾಕುತ್ತವೆ. ಕಾಡಿನಂಚಿನ ಊರಿಗೆ ಅದು ಕೋಳಿಯ ಕೂಗಿನಷ್ಟೇ ಮಾಮೂಲು, ಯಾರೂ ಕಿವಿಗೊಡುವುದಿಲ್ಲ. ಗಿರಿಯಪ್ಪ ಕಿವಿಗೊಡುವುದೂ ಆ ಕೂಗಿಗಲ್ಲ, ಕೂಗು ಬಾರದ ಕಡೆಗೆ.

"ಎಡಗಡೆ ಕೂಗ್ತಾವೆ. ಆ ಕಣಿವೇಲೂ ಕೂಗ್ತಾವೆ. ಕೆರೆ ಮೇಲಿನ ದಿಣ್ಣೇಲಿ ಮಾತ್ರ ನಿನ್ನೆಯಿಂದ ಸದ್ದಿಲ್ಲ," ಎನ್ನುತ್ತಾರೆ. ಚಿರತೆ ಬಂದಿರಬಹುದಲ್ಲ ಎಂದರೆ ಅಲ್ಲವೆಂದು ತಲೆಯಾಡಿಸುತ್ತಾರೆ. "ಚಿರತೆ ಬಂದ್ರೆ ಕಿರುಚಾಡ್ತಾವೆ ಕಣ್ರೀ. ತಮ್ಮೋರೊಬ್ರು ಹೋದ್ರೆ ಹಿಂಗೆ ಸುಮ್ನಾಗ್ಬಿಡ್ತಾವೆ. ಎಲ್ಲಾ ಸಲಾನೂ ಅಲ್ಲ. ಹೋಗಿ ನೋಡ್ಬೇಕು."

ಹೋಗಿ ನೋಡುವುದೇ ಅವರ ಕೆಲಸ. ಹಿಂಗಾರು ಮುಗಿದಲ್ಲಿಂದ ಮತ್ತೆ ಮಳೆ ಹಿಡಿಯುವವರೆಗೆ, ಮಂಗನ ಕಾಯಿಲೆಯ ಕಾಲವಿಡೀ, ದಿನಕ್ಕೆ ಎಂಟೊಂಬತ್ತು ಕಿಲೋಮೀಟರ್ ಕಾಡಂಚಿನಲ್ಲಿ ನಡೆದು ಸತ್ತ ಮಂಗಗಳನ್ನು ಹುಡುಕುವ, ಆರೋಗ್ಯ ಇಲಾಖೆಯ ದಿನಗೂಲಿ ನೌಕರ ಅವರು. ಸಿಕ್ಕ ಕೂಡಲೇ ಪಶುವೈದ್ಯೆ ಅನ್ವಿತಾ ಅವರಿಗೆ ಫೋನು. ಅವರು ಬಂದು ಮಾದರಿ ತೆಗೆದುಕೊಂಡ ಮೇಲೆ ಕಳೇಬರವನ್ನು ಸುಟ್ಟು, ಸುತ್ತಲಿನ ತರಗೆಲೆಯ ಮೇಲೆ ಔಷಧಿಪುಡಿ ಎರಚಬೇಕು. ಕಾಯಿಲೆಯನ್ನು ಮನುಷ್ಯನಿಗೆ ತರುವುದು ಮಂಗವಲ್ಲ, ಅದರ ಮೈಮೇಲಿನ ಉಣುಗು. ಮಂಗದ ಮೈ ತಣ್ಣಗಾದೊಡನೆ ಉಣುಗುಗಳು ಇಳಿದು, ಇನ್ನೊಂದು ಬಿಸಿ ಮೈ ಹಾದುಹೋಗುವುದನ್ನು ಕಾಯುತ್ತ ಎಲೆಗಳಡಿ ಕೂರುತ್ತವೆ. ಕಚ್ಚಿದ್ದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಆಮೇಲೆ ಜ್ವರ, ತಲೆ ಸೀಳುವ ನೋವು, ಕೆಲವರಿಗೆ ವಸಡಿನಲ್ಲಿ ರಕ್ತ. ಹೆಚ್ಚಿನವರು ಬದುಕುತ್ತಾರೆ, ಎಲ್ಲರೂ ಅಲ್ಲ. ಹಳೆಯ ಲಸಿಕೆ ನಿಂತಿದೆ, ಹೊಸದು ಇನ್ನೂ ಊರಿಗೆ ಬಂದಿಲ್ಲ. ಹಾಗಾಗಿ ಕಾಯಿಲೆಗೂ ಹುಣಸೇಕಟ್ಟೆಗೂ ನಡುವೆ ಸದ್ಯಕ್ಕೆ ಇರುವುದು ಒಂದು ಬಾಟಲಿ ಎಣ್ಣೆ, ಒಂದು ಚೀಲ ಪುಡಿ ಮತ್ತು ಈ ಮನುಷ್ಯನ ಎರಡು ಕಿವಿ.

ಗಿರಿಯಪ್ಪ ಇಲ್ಲಿಯವರಲ್ಲ. ಅವರ ಅಪ್ಪ ಯಗಟಿಯಲ್ಲಿ ಕುರಿ ಕಾಯುತ್ತಿದ್ದವರು, ಕೆಮ್ಮಣ್ಣುಗುಂಡಿಯಲ್ಲಿ ಅದಿರು ತೆಗೆಯುವ ಕೆಲಸ ಸಿಗುತ್ತದೆಂದು ಬೆಟ್ಟ ಹತ್ತಿದರು. ಗಣಿ ನಿಂತ ಮೇಲೆ ಯಗಟಿಗೆ ಮರಳದೆ ಬೆಟ್ಟದ ಬುಡದಲ್ಲೇ ಉಳಿದರು. ಮಗ ಕಂಡವರ ತೋಟಗಳಲ್ಲಿ ದುಡಿಯುತ್ತ ಬೆಳೆದ. ಒಳ್ಳೆಯ ಕಂಠವಿತ್ತು. ಊರಿನ ಭಜನೆ ಮೇಳದಲ್ಲಿ ಮೊದಲ ದನಿ ಅವನದಾಯಿತು, ಎರಡನೆಯದು ಗೆಳೆಯ ಷಡಕ್ಷರಿಯದು. ಇಷ್ಟನ್ನು ಗಿರಿಯಪ್ಪ ದಾರಿಯಲ್ಲಿ ತಾವೇ ಹೇಳುತ್ತಾರೆ. ಷಡಕ್ಷರಿಯ ಬಗ್ಗೆ ಇನ್ನೇನಾದರೂ ಕೇಳಿದರೆ ಬಗ್ಗಿ ಬೂಟಿಗೆ ಹತ್ತಿದ ಕಸ ತೆಗೆಯುತ್ತಾರೆ.

ಉಳಿದದ್ದನ್ನು ಹೇಳಿದವರು ಷಡಕ್ಷರಿಯವರ ಹೆಂಡತಿ ತೀರ್ಥಮ್ಮ, ಹಿಂದಿನ ಸಂಜೆ, ತಮ್ಮ ಜಗುಲಿಯಲ್ಲಿ ಕೂತು. ಈ ಕಡೆ ಮಂಗ ಸತ್ತರೆ ಅದು ಪ್ರಾಣಿಯ ಸಾವಲ್ಲ, ಆಂಜನೇಯನ ಸಾವು. ಮನೆಯ ಹಿರಿಯರಿಗೆ ಮಾಡುವಂತೆಯೇ ಮೈ ತೊಳೆದು, ವಿಭೂತಿ ಹಚ್ಚಿ, ಹೂವಿನ ವಿಮಾನದಲ್ಲಿ ಕೂರಿಸಿ, ಭಜನೆಯೊಂದಿಗೆ ಹೊತ್ತೊಯ್ದು ಹೂಳುತ್ತಾರೆ. ಹತ್ತು ವರ್ಷಕ್ಕೂ ಹಿಂದೆ ಒಂದು ಬೇಸಿಗೆಯಲ್ಲಿ ದೊಡ್ಡ ಮುಸುವವೊಂದು ಊರೊಳಗೇ ಬಿದ್ದು ಸತ್ತಿತು. ಮೈ ತೊಳೆದವರು ಷಡಕ್ಷರಿ. ವಿಮಾನಕ್ಕೆ ಹೆಗಲು ಕೊಟ್ಟವರಲ್ಲಿ ಅವರೇ ಮುಂದೆ, ಗಿರಿಯಪ್ಪ ಪಕ್ಕದಲ್ಲಿ. ಒಂದು ವಾರದೊಳಗೆ ಇಬ್ಬರೂ ಮಲಗಿದರು. ಗಿರಿಯಪ್ಪ ಎದ್ದರು. ಆಸ್ಪತ್ರೆಯವರು ಶಿವಮೊಗ್ಗಕ್ಕೆ ಕಳಿಸಿದ್ದ ಷಡಕ್ಷರಿಯವರ ರಕ್ತದಲ್ಲಿ ಕಾಯಿಲೆಯ ಹೆಸರು ಸಿಕ್ಕಿತು. ಹುಣಸೇಕಟ್ಟೆಯಲ್ಲಿ ಆ ಹೆಸರು ಕೇಳಿದ್ದು ಅದೇ ಮೊದಲು. ಆ ಹೊತ್ತಿಗೆ ಷಡಕ್ಷರಿ ಇರಲಿಲ್ಲ.

ತೀರ್ಥಮ್ಮ ಇದನ್ನೆಲ್ಲ ಅಳದೆ ಹೇಳಿದರು. ಕೊನೆಯಲ್ಲಿ ಸೆರಗು ಸರಿಮಾಡಿಕೊಂಡು ಹೇಳಿದ್ದಿಷ್ಟು: "ಆಂಜನೇಯನ್ನ ಹೊತ್ತು ಹೋದ್ರು ನಮ್ಮನೆಯವ್ರು. ಪುಣ್ಯದ ಸಾವು. ಹೊರಬಾರ್ದಿತ್ತು ಅಂತ ಇಲಾಖೆಯೋರು ಬಂದು ಹೇಳ್ತಾರೆ. ಹಂಗಂದ್ರೆ ನಮ್ಮನೆಯವ್ರು ಯಾತಕ್ಕೆ ಸತ್ರು, ಹೇಳಿ?"

ಈ ಪ್ರಶ್ನೆ ಹುಣಸೇಕಟ್ಟೆಯಲ್ಲಿ ಇಷ್ಟು ವರ್ಷ ಉತ್ತರವಿಲ್ಲದೆ ಉಳಿದಿದೆ. ಗಿರಿಯಪ್ಪನ ಕೆಲಸದ ನಿಜವಾದ ಕಷ್ಟ ಉಣುಗೂ ಅಲ್ಲ, ಚಳಿಯೂ ಅಲ್ಲ. ಮಂಗವನ್ನು ಮುಟ್ಟಬೇಡಿ ಎಂದು ಊರಿಗೆ ಹೇಳಲೇಬೇಕು. ಆದರೆ ಆ ಮಾತು ತೀರ್ಥಮ್ಮನ ಜಗುಲಿ ತಲುಪುವಾಗ "ನಿಮ್ಮ ಗಂಡ ದಂಡಕ್ಕೆ ಸತ್ತರು" ಎಂದಾಗಿಬಿಡುತ್ತದೆ. ಹಾಗಾಗಿ ಗಿರಿಯಪ್ಪ ಆ ಮಾತನ್ನೇ ಆಡುವುದಿಲ್ಲ. ಬೇರೆಯವರ ಕಣ್ಣಿಗೆ ಬೀಳದ ಒಂದು ದಾರಿಯನ್ನು ತಾವೇ ಸವೆಸಿಕೊಂಡಿದ್ದಾರೆ. ಸಂಸ್ಕಾರ ಬೇಡವೆನ್ನುವುದಿಲ್ಲ, ತಾವೇ ಮಾಡುತ್ತಾರೆ. ಈ ಊರಿನವರು ಹೂಳುವವರು, ಸುಡುವುದೆಂದರೆ ಅವರಿಗೆ ಅವಮಾನ. ಗಿರಿಯಪ್ಪ ಮೊದಲು ಗುಂಡಿ ತೋಡುತ್ತಾರೆ, ಗುಂಡಿಯೊಳಗೇ ಸುಡುತ್ತಾರೆ, ಬೂದಿಯ ಮೇಲೆ ವಿಭೂತಿ ಹಾಕಿ ಮಣ್ಣು ಮುಚ್ಚುತ್ತಾರೆ. "ಇಲಾಖೆಗೆ ಸುಟ್ಟಂಗಾಯ್ತು, ಊರಿಗೆ ಹೂಳ್ದಂಗಾಯ್ತು. ಇಬ್ರೂ ನನ್ನ ಬೈಯಂಗಿಲ್ಲ," ಎಂದು ನಗುತ್ತಾರೆ. ಅನ್ವಿತಾ ಅವರಿಗೂ ಇದು ಗೊತ್ತು. ವಿಭೂತಿಯ ಬಗ್ಗೆ ನಿಯಮದಲ್ಲಿ ಏನೂ ಬರೆದಿಲ್ಲವಾದ್ದರಿಂದ ತಾವು ಆ ಕಡೆ ನೋಡುವುದಿಲ್ಲ ಎನ್ನುತ್ತಾರೆ.

ಕಾಡಿನೊಳಗೆ, ಯಾರೂ ಇಲ್ಲದ ಕಡೆ ಸತ್ತ ಮಂಗಗಳಿಗೆ ಈ ದಾರಿ ಸಾಕು. ಇವತ್ತಿನದು ಹಾಗಲ್ಲ.

ದಿಣ್ಣೆಯ ಬುಡದಲ್ಲಿ, ಕೆರೆ ಏರಿ ಶುರುವಾಗುವಲ್ಲಿ, ಹೊಂಗೆ ಮರದ ಕೆಳಗೆ ಮುಸುವ ಬಿದ್ದಿದೆ. ಅದರ ಸುತ್ತ ಆಗಲೇ ಇಪ್ಪತ್ತು ಮೂವತ್ತು ಜನ. ತುಸು ದೂರದಲ್ಲಿ ಟ್ರ್ಯಾಕ್ಟರ್ ಒಂದು ಗುಡುಗುಡು ಎನ್ನುತ್ತಿದೆ. ಟ್ರೇಲರಿನ ಮೇಲೆ ಪ್ಲಾಸ್ಟಿಕ್ ಕುರ್ಚಿ, ಅದಕ್ಕೆ ಬಾಳೆಕಂದು, ಚೆಂಡು ಹೂವು, ಹಿಂದೆ ಮೈಕು. ಆಂಜನೇಯನ ಗುಡಿ ಇರುವುದು ಕೆರೆಯ ಆಚೆ ದಡದಲ್ಲಿ, ಅಲ್ಲಿಯವರೆಗೆ ಮೆರವಣಿಗೆ. ಮುಂದಾಳು ಕಲ್ಲೇಶ, ಊರಿನ ಯುವಕ ಸಂಘದವನು. ಇನ್ನೂ ಯಾರೂ ಮುಟ್ಟಿಲ್ಲ. ಬಿಂದಿಗೆಯಲ್ಲಿ ನೀರು ಬರಲಿ ಎಂದು ಕಾಯುತ್ತಿದ್ದಾರೆ.

ಗಿರಿಯಪ್ಪ ದೂರದಿಂದಲೇ ಎಲ್ಲರನ್ನೂ ಏರಿಯ ಮೇಲಕ್ಕೆ ಸರಿಯಿರೆಂದು ಕೇಳಿಕೊಳ್ಳುತ್ತಾರೆ. ಹೆಂಗಸರು ಸರಿಯುತ್ತಾರೆ, ಹುಡುಗರು ಅಲ್ಲಾಡುವುದಿಲ್ಲ.

"ಬಂದ್ರಪ್ಪಾ ಇಲಾಖೆಯೋರು," ಎನ್ನುತ್ತಾನೆ ಕಲ್ಲೇಶ. "ಏನ್ ಮಾವ, ದೇವ್ರನ್ನ ಗೊಬ್ರದ ಚೀಲದಂಗೆ ಮೂಟೆ ಕಟ್ಕೊಂಡು ಹೋಗ್ತೀಯಾ? ಭಜನೆ ಹಾಡ್ತಿದ್ದೋನು ನೀನು."

ಹಿರಿಯರಾದ ಜಯದೇವಪ್ಪನವರೂ ಹುಡುಗರ ಪರ. ಊರ ಕೆರೆ ಏರಿಯಲ್ಲಿ ಸತ್ತಿದ್ದಕ್ಕೆ ಊರೇ ಮಾಡಬೇಕು, ಕೂಲಿಯವನ ಕೈಲಿ ಮಾಡಿಸುವುದು ಚೆನ್ನಾಗಿರುವುದಿಲ್ಲ ಎನ್ನುತ್ತಾರೆ. ಕೂಲಿಯವನು ಎಂದದ್ದಕ್ಕೆ ಯಾರೋ ಕೆಮ್ಮುತ್ತಾರೆ. ಗಿರಿಯಪ್ಪ ಉಣುಗಿನ ಮಾತು ಎತ್ತುತ್ತಾರೆ. ಕಲ್ಲೇಶ ಕೈ ಅಡ್ಡ ಮಾಡಿ, ತೀರ್ಥಮ್ಮ ಬರಲಿ, ಅವರು ಹೇಳಿದಂತಾಗಲಿ ಎನ್ನುತ್ತಾನೆ. ಇದು ಅವನ ಜಾಣತನ. ಆಂಜನೇಯನಿಗಾಗಿ ಗಂಡನನ್ನು ಕೊಟ್ಟವಳು ಬೇಡವೆನ್ನುವುದುಂಟೇ?

ತೀರ್ಥಮ್ಮ ಬರುತ್ತಾರೆ, ಕೈಯಲ್ಲಿ ಹರಿವಾಣ, ವಿಭೂತಿ, ಕರ್ಪೂರ. ಏರಿಯ ಮೇಲೆ ನಿಂತು ಮುಸುವವನ್ನು ನೋಡುತ್ತಾರೆ, ಕುರ್ಚಿಯನ್ನು ನೋಡುತ್ತಾರೆ. ಆಮೇಲೆ ಗಿರಿಯಪ್ಪನ ಕಡೆ ತಿರುಗುತ್ತಾರೆ.

"ಗಿರಿಯ, ಇಷ್ಟು ವರ್ಷ ನನ್ನ ಕಂಡ್ರೆ ತಲೆ ತಗ್ಗಿಸ್ಕೊಂಡು ಹೋಗ್ತೀಯ. ಇವತ್ತು ಎಲ್ರ ಎದುರಿಗೆ ಹೇಳು. ಅವ್ರು ಹೆಗಲು ಕೊಟ್ಟಿದ್ದು ತಪ್ಪಾ?"

ಗಿರಿಯಪ್ಪ ಹೌದೆಂದರೆ ಈ ಹೆಂಗಸಿಗೆ ಉಳಿದಿರುವ ಒಂದೇ ಆಸರೆ ಹೋಗುತ್ತದೆ. ಇಲ್ಲವೆಂದರೆ ಕಲ್ಲೇಶನ ಹುಡುಗರು ಬಿಂದಿಗೆ ಎತ್ತುತ್ತಾರೆ. ದಿನವೂ ಕಾಡಿನ ಸದ್ದಡಗುವುದನ್ನೇ ಕೇಳುವ ಮನುಷ್ಯ ಈಗ ಮೂವತ್ತು ಜನ ಸುಮ್ಮನೆ ನಿಂತು ತನ್ನ ಮಾತಿಗೆ ಕಾಯುವುದನ್ನು ಕೇಳಬೇಕಾಗಿದೆ.

"ತಪ್ಪಲ್ಲಕ್ಕ," ಎನ್ನುತ್ತಾರೆ ಕಡೆಗೆ. "ಆವತ್ತು ಯಾರಿಗೆ ಗೊತ್ತಿತ್ತು? ಗೊತ್ತಿಲ್ದೆ ಕೊಟ್ಟ, ಭಕ್ತೀಲಿ ಕೊಟ್ಟ. ಇದಕ್ಕೆ ಹಿಂಗೊಂದು ಕಾಯ್ಲೆ ಐತೆ ಅಂತ ಈ ಊರಿಗೆ ಗೊತ್ತಾಗಿದ್ದೇ ಅವನ ರಕ್ತದಿಂದ. ನಾನು ಬದ್ಕಿರೋದೂ ಅವನ ರಕ್ತದಲ್ಲಿ ಮೊದ್ಲು ಸಿಕ್ಕಿದ್ದಕ್ಕೆ, ಡಾಕ್ಟ್ರು ನನ್ನ ಬೇಗ ಹಿಡ್ಕೊಂಡ್ರು. ಈಗ ಗೊತ್ತಾದ ಮೇಲೂ ಈ ಹುಡುಗ್ರನ್ನ ಕಳಿಸಿದ್ವಿ ಅಂದ್ರೆ, ಅವನು ಸತ್ತಿದ್ದು ಆವಾಗ ದಂಡ ಆಗ್ತೈತೆ. ಇಲ್ಲೀವರೆಗೂ ಆಗಿಲ್ಲ."

ತೀರ್ಥಮ್ಮ ಕರ್ಪೂರದ ತುಂಡನ್ನು ಹರಿವಾಣದಲ್ಲಿ ಬೆರಳಿನಿಂದ ಅತ್ತಿತ್ತ ಸರಿಸುತ್ತಾರೆ. ನಂತರ ಹೆಗಲ ಮೇಲಿದ್ದ ಹೊಸ ಪಂಚೆಯನ್ನೂ ವಿಭೂತಿ ಉಂಡೆಯನ್ನೂ ಏರಿಯ ಕಲ್ಲಿನ ಮೇಲಿಟ್ಟು ಹಿಂದೆ ಸರಿಯುತ್ತಾರೆ. ಗಿರಿಯಪ್ಪ ಬಂದು ತೆಗೆದುಕೊಳ್ಳಲಿ ಎಂದು.

"ಕಲ್ಲೇಶ, ಟ್ರ್ಯಾಕ್ಟರ್ ತಿರುಗ್ಸು," ಎನ್ನುತ್ತಾರೆ. "ಮೈಕ್ ಗುಡಿ ಹತ್ರ ಕಟ್ಟು. ಅಲ್ಲಿಂದ ಹಾಡಿದ್ರೆ ಇಲ್ಲಿಗೆ ಕೇಳ್ತೈತೆ."

ಜಯದೇವಪ್ಪ ಏನೋ ಹೇಳಹೋಗಿ, ಆ ಹೆಂಗಸಿನ ಮುಖ ನೋಡಿ, ಗುಡಿಯ ಕಡೆ ತಾವೇ ಮೊದಲು ಹೊರಡುತ್ತಾರೆ.

ಅನ್ವಿತಾ ಬಂದು ಮಾದರಿ ತೆಗೆದುಕೊಳ್ಳುವ ಹೊತ್ತಿಗೆ ಬಿಸಿಲು ಏರಿದೆ. ಗಿರಿಯಪ್ಪ ಬಿಳಿಯ ರಕ್ಷಣಾ ಉಡುಪಿನೊಳಗೆ ತಲೆಯಿಂದ ಪಾದದವರೆಗೆ ಮುಚ್ಚಿಹೋಗಿದ್ದಾರೆ, ಕಣ್ಣುಗಳಷ್ಟೇ ಕಾಣುತ್ತವೆ. ಎರಡು ಪದರದ ಚೀಲದಲ್ಲಿ ಮುಸುವವನ್ನಿಟ್ಟು ಬಾಯಿ ಬಿಗಿದು, ಅದರ ಮೇಲೆ ತೀರ್ಥಮ್ಮನ ಪಂಚೆ ಹೊದಿಸುತ್ತಾರೆ. ಗುಂಡಿ ತೋಡಿರುವುದು ದಿಣ್ಣೆಯ ಆ ಬದಿಯಲ್ಲಿ. ಎಳೆದುಕೊಂಡು ಹೋದರೆ ಸುಲಭ. ಹಾಗೆ ಮಾಡಿದರೆ ಊರಿನವರು ಯಾರೂ ನೋಡುವವರಿಲ್ಲ. ಅವರು ಎಳೆಯುವುದಿಲ್ಲ. ಮೊಣಕಾಲೂರಿ ಕೂತು, ಭಾರವನ್ನು ಹೆಗಲಿಗೆ ತಂದುಕೊಂಡು, ಒಂದು ಉಸಿರು ಹಿಡಿದು ಏಳುತ್ತಾರೆ.

ಆಗ ಕೆರೆಯಾಚೆಯಿಂದ ಭಜನೆ ಶುರುವಾಗುತ್ತದೆ. ನೀರಿನ ಮೇಲೆ ಬರುವಾಗ ಮಾತುಗಳು ಕರಗಿ ರಾಗವಷ್ಟೇ ಉಳಿದಿರುತ್ತದೆ. ದಿಣ್ಣೆಯ ಏರಿನಲ್ಲಿ ಒಬ್ಬನೇ ಮನುಷ್ಯ, ಅವನ ಹೆಗಲ ಮೇಲೊಂದು ದೇವರು. ಮೆರವಣಿಗೆ ಎಂಬ ಮಾತಿಗೆ ಇಷ್ಟು ಜನ ಸಾಕೆಂದು ಅದುವರೆಗೆ ಅನಿಸಿರಲಿಲ್ಲ. ಮುಖಗವಸಿನೊಳಗಿಂದ ಗಿರಿಯಪ್ಪನ ದನಿ ಕೇಳುತ್ತಿತ್ತು ಎಂದು ಅನ್ವಿತಾ ಆಮೇಲೆ ಹೇಳುತ್ತಾರೆ. ಅವರು ಹತ್ತಿರದಲ್ಲಿದ್ದರು. ಆಚೆಯ ದನಿ ನಿಂತಲ್ಲೆಲ್ಲ ಇವರದು ಶುರುವಾಗುತ್ತಿತ್ತಂತೆ: ಎರಡನೆಯ ದನಿ, ಷಡಕ್ಷರಿಯದು.

ಸುಟ್ಟು, ಮುಚ್ಚಿ, ಹೊಂಗೆಯ ಸುತ್ತ ಪುಡಿ ಎರಚಿ ಮುಗಿಯುವಾಗ ಮಧ್ಯಾಹ್ನ. ಉಡುಪು ಬೆಂಕಿಗೆ ಹೋಗುತ್ತದೆ. ಸ್ನಾನ, ಬಟ್ಟೆ ಬದಲು, ಮೈಮೇಲೆ ಉಣುಗು ಇದೆಯೇ ಎಂದು ಕನ್ನಡಿಯಲ್ಲಿ ಹುಡುಕಾಟ. ಇನ್ನೊಂದು ವಾರ ಬೆಳಿಗ್ಗೆ ಸಂಜೆ ಜ್ವರ ನೋಡಿಕೊಳ್ಳಬೇಕು. ಒಮ್ಮೆ ಬಂದವರಿಗೆ ಮತ್ತೆ ಬರುವುದು ಕಡಿಮೆ ಎನ್ನುತ್ತಾರಲ್ಲ ಎಂದರೆ, ಅದನ್ನು ಉಣುಗಿಗೆ ಯಾರು ಹೇಳಬೇಕು ಎಂದು ನಗುತ್ತಾರೆ.

ಮರಳುವ ದಾರಿಯಲ್ಲಿ ಕಲ್ಲೇಶ ಎದುರಾಗುತ್ತಾನೆ. ಬೆಳಗಿನ ಬಿರುಸಿಲ್ಲ. ಜೊತೆಗೆ ಸ್ವಲ್ಪ ದೂರ ನಡೆದು, ಮುಜುಗರದಿಂದಲೇ ಕೇಳುತ್ತಾನೆ: "ಅಲ್ಲ ಮಾವ, ಎಂಥೋನು ಸತ್ರೂ ನಾಲ್ಕು ಹೆಗಲು ಬೇಕು ಅಂತಾರೆ. ಒಂದೇ ಹೆಗಲಲ್ಲಿ ಕಳಿಸಿದ್ವಿ ಅಂತ ಆಂಜನೇಯ ಬೇಜಾರು ಮಾಡ್ಕಳಲ್ವಾ?"

ಗಿರಿಯಪ್ಪ ನಡೆಯುತ್ತಲೇ ಬೆರಳು ಮಡಚಿ ಎಣಿಸುತ್ತಾರೆ.

"ನಾಲ್ಕು ಐತಲ್ಲೋ. ಒಂದು ಷಡಕ್ಷರಿದು, ಆಗ್ಲೇ ಕೊಟ್ಟು ಹೋದ. ಒಂದು ನಂದು. ಇನ್ನೆರಡು ನಿನ್ನವು," ಎನ್ನುತ್ತಾರೆ. "ಅವು ನಿನ್ ಹತ್ರನೇ ಇರ್ಲಿ ಕಣಪ್ಪ."